ರೆಸಿಸ್ಟರ್ ಹಾಕಿದರೂ ವೋಲ್ಟೇಜ್ ಇಳಿಯಲಿಲ್ಲವೇಕೆ? ಸರಣಿ ಜೋಡಣೆ ಮತ್ತು ವೋಲ್ಟೇಜ್ ಡಿವೈಡರ್‌ನ ಔಟ್‌ಪುಟ್ ಲೆಕ್ಕ

9 ವೋಲ್ಟ್ ಬ್ಯಾಟರಿಯ ಪ್ಲಸ್ ತುದಿಗೆ ಒಂದು 1 ಕಿಲೋ ಓಮ್ ರೆಸಿಸ್ಟರ್ ಜೋಡಿಸಿ. ಅದರ ಇನ್ನೊಂದು ಕಾಲನ್ನು ಯಾವುದಕ್ಕೂ ಸೇರಿಸದೆ ಹಾಗೇ ಬಿಡಿ. ಮಲ್ಟಿಮೀಟರನ್ನು ಡಿ.ಸಿ. ವೋಲ್ಟೇಜ್‌ಗೆ ತಿರುಗಿಸಿ, ಕಪ್ಪು ಪ್ರೋಬನ್ನು ಬ್ಯಾಟರಿಯ ಮೈನಸ್‌ಗೆ, ಕೆಂಪು ಪ್ರೋಬನ್ನು ರೆಸಿಸ್ಟರ್‌ನ ಆ ಖಾಲಿ ಕಾಲಿಗೆ ಮುಟ್ಟಿಸಿ. ಎಷ್ಟು ಬರುತ್ತದೆ? 9 ವೋಲ್ಟೇ. 1 ಕಿಲೋ ತೆಗೆದು 4.7 ಕಿಲೋ ಹಾಕಿ ನೋಡಿ, ಆಗಲೂ 9.

ರೆಸಿಸ್ಟರ್ ಅಂದರೆ ವೋಲ್ಟೇಜ್ ಇಳಿಸುವ ವಸ್ತು ಎಂದು ನಂಬಿಕೊಂಡವರಿಗೆ ಇಲ್ಲಿ ಮೀಟರಿನ ಮೇಲೇ ಅನುಮಾನ ಬರುತ್ತದೆ. ಮೀಟರ್ ಸರಿಯಾಗಿಯೇ ಇದೆ. ರೆಸಿಸ್ಟರ್ ಸುಮ್ಮನೆ ಕೂತು ಏನನ್ನೂ ಇಳಿಸುವುದಿಲ್ಲ. ಅದರೊಳಗೆ ಕರೆಂಟ್ ಹರಿದಾಗ ಮಾತ್ರ ಅದರ ಎರಡು ತುದಿಗಳ ನಡುವೆ ವೋಲ್ಟೇಜ್ ಹುಟ್ಟುತ್ತದೆ, ಹರಿದ ಕರೆಂಟನ್ನು ಓಮ್‌ನಿಂದ ಗುಣಿಸಿದಷ್ಟು. ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇಷ್ಟೇ. ನಮ್ಮ ಪ್ರಯೋಗದಲ್ಲಿ ಕರೆಂಟ್ ಎಳೆಯುತ್ತಿರುವುದು ಮೀಟರ್ ಒಂದೇ. ಸಾಮಾನ್ಯ ಡಿಜಿಟಲ್ ಮೀಟರಿನ ಒಳರೋಧ 10 ಮೆಗಾ ಓಮ್‌ನಷ್ಟು. ಅದು ಎಳೆಯುವುದು ಸುಮಾರು 0.9 ಮೈಕ್ರೋ ಆಂಪಿಯರ್. ಅಷ್ಟು ಕರೆಂಟಿಗೆ 1 ಕಿಲೋ ಓಮ್‌ನಲ್ಲಿ ಇಳಿಯುವುದು ಒಂದು ಮಿಲಿ ವೋಲ್ಟ್‌ಗಿಂತ ಕಡಿಮೆ. 20 ವೋಲ್ಟ್ ರೇಂಜಿನಲ್ಲಿರುವ ಮೀಟರಿಗೆ ಅದು ಕಾಣುವುದೂ ಇಲ್ಲ.

ಹಾಗಾಗಿ "ಸರಣಿಯಲ್ಲಿ ಇಷ್ಟು ಓಮ್ ಹಾಕಿದರೆ ಔಟ್‌ಪುಟ್ ಎಷ್ಟು ಬರುತ್ತದೆ?" ಎಂಬ ಪ್ರಶ್ನೆಯೇ ಅರ್ಧ. ಆಚೆ ಕಡೆ ಏನು ಜೋಡಿಸಿದ್ದೀರಿ, ಅದು ಎಷ್ಟು ಎಳೆಯುತ್ತದೆ ಎಂದು ಹೇಳದ ಹೊರತು ಅದಕ್ಕೆ ಉತ್ತರವಿಲ್ಲ. ಎರಡು ರೆಸಿಸ್ಟರ್‌ಗಳನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿ, ನಡುವಿನಿಂದ ವೋಲ್ಟೇಜಿನ ಒಂದು ಪಾಲನ್ನು ತೆಗೆಯುವ ಜೋಡಣೆಯೇ ವೋಲ್ಟೇಜ್ ಡಿವೈಡರ್. ಅದರ ಸೂತ್ರ ಬಾಯಿಪಾಠ ಇದ್ದವರೂ ಎಡವುವುದು ಇಲ್ಲೇ.

ಸರಣಿಯಲ್ಲಿ ಹಂಚಿಕೆ ಹೇಗೆ ನಡೆಯುತ್ತದೆ

ಈಗ ಆ ಖಾಲಿ ಕಾಲಿಗೆ 2 ಕಿಲೋ ಓಮ್‌ನ ಇನ್ನೊಂದು ರೆಸಿಸ್ಟರ್ ಸೇರಿಸಿ, ಅದರ ಕೊನೆಯನ್ನು ಬ್ಯಾಟರಿಯ ಮೈನಸ್‌ಗೆ ಕೊಡಿ. 2 ಕಿಲೋ ಇಲ್ಲದಿದ್ದರೆ ಎರಡು 1 ಕಿಲೋಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೂ ಅದೇ. ದಾರಿ ಪೂರ್ತಿಯಾಯಿತು, ಕರೆಂಟ್ ಹರಿಯತೊಡಗಿತು. ಮೊದಲು ಒಟ್ಟು ರೋಧ ಕೂಡಿಸಿ: 1 + 2 = 3 ಕಿಲೋ ಓಮ್. 9 ವೋಲ್ಟನ್ನು 3 ಕಿಲೋ ಓಮ್‌ನಿಂದ ಭಾಗಿಸಿದರೆ 3 ಮಿಲಿ ಆಂಪಿಯರ್. ಸರಣಿಯಲ್ಲಿ ಬೇರೆ ಕವಲು ಇಲ್ಲದ್ದರಿಂದ ಎರಡರಲ್ಲೂ ಹರಿಯುವುದು ಇದೇ 3 ಮಿಲಿ ಆಂಪಿಯರ್. ಮೊದಲ ರೆಸಿಸ್ಟರಿನಲ್ಲಿ ಸ್ವಲ್ಪ "ಖರ್ಚಾಗಿ" ಎರಡನೆಯದಕ್ಕೆ ಕಡಿಮೆ ಕರೆಂಟ್ ಬರುತ್ತದೆ ಎಂಬ ಕಲ್ಪನೆ ಬಹಳ ಜನರ ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಇಲ್ಲಿಯೇ ಬಿಟ್ಟು ಮುಂದೆ ಹೋಗಿ.

ಕರೆಂಟ್ ಗೊತ್ತಾದ ಮೇಲೆ ಉಳಿದದ್ದು ಬರೀ ಗುಣಾಕಾರ. 1 ಕಿಲೋದ ಮೇಲೆ 3 ವೋಲ್ಟ್, 2 ಕಿಲೋದ ಮೇಲೆ 6 ವೋಲ್ಟ್. ಎರಡನ್ನೂ ಕೂಡಿಸಿದರೆ ಬ್ಯಾಟರಿಯ 9 ಬರಲೇಬೇಕು; ಜರ್ಮನಿಯ ಭೌತವಿಜ್ಞಾನಿ ಕಿರ್ಚಾಫ್ 1845ರಲ್ಲಿ ಹೇಳಿದ ವೋಲ್ಟೇಜ್ ನಿಯಮ ಇದು. ಕಾಗದದ ಮೇಲೆ ಮಾಡಿದ ಯಾವ ಲೆಕ್ಕವನ್ನಾದರೂ ಈ ಕೂಡಿಕೆಯಿಂದ ತಾಳೆ ನೋಡಬಹುದು. ದೊಡ್ಡ ರೆಸಿಸ್ಟರಿಗೆ ದೊಡ್ಡ ಪಾಲು, ಚಿಕ್ಕದಕ್ಕೆ ಚಿಕ್ಕದು.

ಔಟ್‌ಪುಟ್ ಎಂದರೆ ಯಾವ ಎರಡು ಬಿಂದುಗಳ ನಡುವೆ?

ವೋಲ್ಟೇಜ್ ಒಂದು ಬಿಂದುವಿನಲ್ಲಿ "ಇರುವುದಿಲ್ಲ". ಅದು ಯಾವಾಗಲೂ ಎರಡು ಬಿಂದುಗಳ ನಡುವಿನ ವ್ಯತ್ಯಾಸ. ನಾವು ಒಂದು ಬಿಂದುವಿನ ವೋಲ್ಟೇಜ್ ಎಂದು ಹೇಳಿದಾಗಲೆಲ್ಲ ಗ್ರೌಂಡ್‌ನಿಂದ (ಸೊನ್ನೆ ಎಂದು ನಾವು ಒಪ್ಪಿಕೊಂಡ ಬಿಂದು, ಸಾಮಾನ್ಯವಾಗಿ ಸಪ್ಲೈಯ ಮೈನಸ್) ಅಳೆದದ್ದು ಎಂಬುದನ್ನು ನುಂಗಿಕೊಂಡು ಹೇಳುತ್ತಿರುತ್ತೇವೆ.

ಮೂರು ರೆಸಿಸ್ಟರ್ ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. 12 ವೋಲ್ಟ್ ಸಪ್ಲೈ. ಮೇಲಿನಿಂದ ಕೆಳಕ್ಕೆ 1 ಕಿಲೋ, 2 ಕಿಲೋ, 3 ಕಿಲೋ. ಒಟ್ಟು 6 ಕಿಲೋ, ಕರೆಂಟ್ 2 ಮಿಲಿ ಆಂಪಿಯರ್. ಮೂರರ ಮೇಲಿನ ಕುಸಿತ ಕ್ರಮವಾಗಿ 2, 4 ಮತ್ತು 6 ವೋಲ್ಟ್. ಈಗ ಕಪ್ಪು ಪ್ರೋಬನ್ನು ಮೈನಸ್‌ನಲ್ಲೇ ಇಟ್ಟು ಕೆಂಪು ಪ್ರೋಬನ್ನು ಕೆಳಗಿನಿಂದ ಮೇಲಕ್ಕೆ ಒಯ್ದರೆ 6, ಆಮೇಲೆ 10, ಆಮೇಲೆ 12 ಕಾಣುತ್ತದೆ. ನಡುವಿನ 2 ಕಿಲೋದ ಎರಡು ಕಾಲುಗಳಿಗೇ ಪ್ರೋಬ್ ಮುಟ್ಟಿಸಿದರೆ 4. ಸರ್ಕ್ಯೂಟ್ ಬದಲಾಗಿಲ್ಲ, ಅಳೆಯುವ ಜಾಗ ಬದಲಾಗಿದೆ ಅಷ್ಟೆ. ಯಾರಾದರೂ "ನನಗೆ 4 ಬರಬೇಕಿತ್ತು, 10 ಬರುತ್ತಿದೆ" ಎಂದರೆ ಮೊದಲು ಕೇಳಬೇಕಾದದ್ದು ಕಪ್ಪು ಪ್ರೋಬ್ ಎಲ್ಲಿತ್ತು ಎಂದು.

ಗ್ರೌಂಡನ್ನು ಬೇಕಾದ ಕಡೆ ಇಟ್ಟುಕೊಳ್ಳುವ ಸ್ವಾತಂತ್ರ್ಯವೂ ನಮಗಿದೆ. 9 ವೋಲ್ಟ್ ಬ್ಯಾಟರಿಗೆ ಎರಡು 10 ಕಿಲೋ ಹಾಕಿ ನಡುವಿನ ಬಿಂದುವನ್ನೇ ಗ್ರೌಂಡ್ ಎಂದುಕೊಂಡರೆ ಒಂದು ತುದಿ ಪ್ಲಸ್ 4.5, ಇನ್ನೊಂದು ಮೈನಸ್ 4.5. ಒಂದೇ ಬ್ಯಾಟರಿಯಲ್ಲಿ ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್) ಓಡಿಸುವವರು ಬಳಸುವ ಉಪಾಯ ಇದೇ. ಆ ನಡುವಿನ ಬಿಂದುವಿನಿಂದ ಕರೆಂಟ್ ಎಳೆದರೆ ಅದು ಜಾರುತ್ತದೆ ಎಂಬ ತೊಡಕು ಇದ್ದೇ ಇದೆ.

ಸೂತ್ರ, ಮತ್ತು ರೆಸಿಸ್ಟರ್ ಆರಿಸುವ ಬಗೆ

ಪ್ಲಸ್ ಕಡೆಯದನ್ನು ಆರ್1, ಗ್ರೌಂಡ್ ಕಡೆಯದನ್ನು ಆರ್2 ಎಂದುಕೊಳ್ಳಿ. ಔಟ್‌ಪುಟ್ ತೆಗೆಯುವುದು ಎರಡೂ ಸೇರುವ ಬಿಂದುವಿನಿಂದ, ಗ್ರೌಂಡ್‌ಗೆ ಹೋಲಿಸಿ. ಅಂದರೆ ಆರ್2ರ ಮೇಲಿನ ಪಾಲು.

ವಿ-ಔಟ್ = ವಿ-ಇನ್ × ಆರ್2 ÷ (ಆರ್1 + ಆರ್2)

ಮೇಲೆ ಮಾಡಿದ ಲೆಕ್ಕವನ್ನೇ ಒಂದೇ ಸಾಲಿನಲ್ಲಿ ಬರೆದದ್ದು ಇದು. ಆದರೆ ಕೆಲಸಕ್ಕೆ ಕೂತಾಗ ನಮಗೆ ಬೇಕಾಗುವುದು ಹೆಚ್ಚಾಗಿ ಇದರ ತಿರುವು: ಬೇಕಾದ ವೋಲ್ಟೇಜ್ ಗೊತ್ತಿದೆ, ರೆಸಿಸ್ಟರ್ ಯಾವುದು ಹಾಕಲಿ? ಅದಕ್ಕೆ ಅನುಪಾತವನ್ನು ಹಿಡಿಯಿರಿ.

ಆರ್1 ÷ ಆರ್2 = (ವಿ-ಇನ್ ÷ ವಿ-ಔಟ್) − 1

12ರಿಂದ 5 ಬೇಕು ಎಂದಿಟ್ಟುಕೊಳ್ಳಿ. 12 ÷ 5 = 2.4, ಒಂದು ಕಳೆದರೆ 1.4. ಆರ್1 ಆರ್2ಕ್ಕಿಂತ 1.4 ಪಟ್ಟು ಇರಬೇಕು. ಸಾಮಾನ್ಯವಾಗಿ ಸಿಗುವ ಇ12 ಸಾಲಿನ ಬೆಲೆಗಳು 10, 12, 15, 18, 22, 27, 33, 39, 47, 56, 68, 82 ಮತ್ತು ಇವುಗಳ ಹತ್ತರ ಪಟ್ಟುಗಳು. ಇದರಲ್ಲಿ 1.4ಕ್ಕೆ ಹತ್ತಿರದ ಜೋಡಿ 4.7 ಮತ್ತು 3.3. ಔಟ್‌ಪುಟ್ 12 × 3.3 ÷ 8 = 4.95 ವೋಲ್ಟ್. ಶೇಕಡ 1ರಷ್ಟು ವ್ಯತ್ಯಾಸ. ಬಹುಪಾಲು ಕೆಲಸಗಳಿಗೆ ಇದು ಧಾರಾಳ ಸಾಕು, 5.00 ಬರಲಿ ಎಂದು ಜಿದ್ದಿಗೆ ಬೀಳುವುದರಲ್ಲಿ ಅರ್ಥವಿಲ್ಲ. ಮೈಮೇಲಿನ ಕೊನೆಯ ಬಣ್ಣದ ಪಟ್ಟಿ ಬಂಗಾರದ್ದಾಗಿದ್ದರೆ ರೆಸಿಸ್ಟರುಗಳೇ ಶೇಕಡ 5ರವರೆಗೆ ಆಚೀಚೆ ಇರಬಹುದು. ಎರಡು 10 ಕಿಲೋಗಳ ಡಿವೈಡರ್‌ನಲ್ಲಿ ಒಂದು 9.5, ಇನ್ನೊಂದು 10.5 ಬಿದ್ದರೆ 10 ವೋಲ್ಟಿನ ಅರ್ಧ 5 ಆಗುವ ಬದಲು 4.75 ಅಥವಾ 5.25 ಆಗಬಹುದು. ನಿಖರತೆ ನಿಜಕ್ಕೂ ಬೇಕಿದ್ದರೆ ಕಂದು ಪಟ್ಟಿಯ ಶೇಕಡ 1ರವು ತನ್ನಿ, ಹಾಕುವ ಮೊದಲು ಮೀಟರಿನಲ್ಲಿ ಅಳೆದು ಆ ಬೆಲೆಯನ್ನೇ ಲೆಕ್ಕಕ್ಕೆ ಬಳಸಿ.

ಅನುಪಾತ ಸಿಕ್ಕಿತು. ಆದರೆ 4.7 ಮತ್ತು 3.3 ಎಂದರೆ ಓಮ್‌ಗಳೇ, ಕಿಲೋ ಓಮ್‌ಗಳೇ, ನೂರಾರು ಕಿಲೋ ಓಮ್‌ಗಳೇ? ಸೂತ್ರಕ್ಕೆ ಎಲ್ಲವೂ ಒಂದೇ, ಎಲ್ಲದಕ್ಕೂ ಅದು 4.95 ಎಂದೇ ಹೇಳುತ್ತದೆ. ಸರ್ಕ್ಯೂಟ್‌ಗೆ ಮಾತ್ರ ಎಲ್ಲವೂ ಒಂದೇ ಅಲ್ಲ.

ಲೋಡ್ ಹಾಕಿದಾಗ ಏನಾಗುತ್ತದೆ

10 ವೋಲ್ಟ್ ಸಪ್ಲೈಗೆ ಎರಡು 10 ಕಿಲೋಗಳು. ಏನೂ ಜೋಡಿಸದಿದ್ದಾಗ ನಡುವೆ 5 ವೋಲ್ಟ್. ಈಗ ಔಟ್‌ಪುಟ್‌ಗೆ ಇನ್ನೊಂದು 10 ಕಿಲೋವನ್ನು ಲೋಡ್ ಆಗಿ, ಅಂದರೆ ಕರೆಂಟ್ ಎಳೆಯುವ ವಸ್ತುವಾಗಿ ಜೋಡಿಸಿ. ಅದರ ಒಂದು ಕಾಲು ಔಟ್‌ಪುಟ್‌ನಲ್ಲಿ, ಇನ್ನೊಂದು ಗ್ರೌಂಡ್‌ನಲ್ಲಿ. ಅಂದರೆ ಅದು ಆರ್2ರ ಪಕ್ಕದಲ್ಲಿ ಸಮಾಂತರವಾಗಿ ನಿಂತಿತು. ಎರಡು 10 ಕಿಲೋಗಳು ಸಮಾಂತರವಾದರೆ 5 ಕಿಲೋ. ಈಗ ಡಿವೈಡರ್ ನಿಜಕ್ಕೂ ಇರುವುದು 10 ಮತ್ತು 5ರ ನಡುವೆ: 10 × 5 ÷ 15 = 3.33 ವೋಲ್ಟ್. ನೀವು ಯಾವ ರೆಸಿಸ್ಟರನ್ನೂ ಬದಲಿಸಲಿಲ್ಲ, ಆದರೂ 5 ಹೋಗಿ 3.33 ಆಯಿತು.

ಪ್ರತಿ ಲೋಡ್‌ಗೂ ಹೀಗೆ ಸಮಾಂತರ ಲೆಕ್ಕ ಹಾಕುತ್ತ ಕೂರುವುದಕ್ಕಿಂತ ಒಂದು ಸುಲಭ ದಾರಿ ಇದೆ. ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್ ಲಿಯೋನ್ ಥೆವೆನಿನ್ 1883ರಲ್ಲಿ ಪ್ರಕಟಿಸಿದ ಪ್ರಮೇಯದ ಪ್ರಕಾರ, ಹೊರಗಿನಿಂದ ನೋಡುವವರಿಗೆ ಇಡೀ ಡಿವೈಡರ್ ಒಂದು ಬ್ಯಾಟರಿ ಮತ್ತು ಅದಕ್ಕೆ ಸರಣಿಯಲ್ಲಿರುವ ಒಂದೇ ರೆಸಿಸ್ಟರ್‌ನಂತೆ ವರ್ತಿಸುತ್ತದೆ. ಆ ಬ್ಯಾಟರಿಯ ಬೆಲೆ ಲೋಡ್ ಇಲ್ಲದಾಗಿನ ಔಟ್‌ಪುಟ್. ಆ ರೆಸಿಸ್ಟರ್‌ನ ಬೆಲೆ ಆರ್1 ಮತ್ತು ಆರ್2 ಸಮಾಂತರವಾದಾಗ ಬರುವಷ್ಟು, ಅಂದರೆ ಎರಡರ ಗುಣಲಬ್ಧವನ್ನು ಎರಡರ ಮೊತ್ತದಿಂದ ಭಾಗಿಸಿದಷ್ಟು. ಮೇಲಿನ ಉದಾಹರಣೆ ಹೊರಗಿನಿಂದ 5 ವೋಲ್ಟಿನ ಬ್ಯಾಟರಿ, 5 ಕಿಲೋ ಒಳರೋಧ. 10 ಕಿಲೋ ಲೋಡ್ ಹಾಕಿದರೆ 5 × 10 ÷ 15 = 3.33. ಅದೇ ಉತ್ತರ.

ಈ ಒಳರೋಧವನ್ನು ಕಣ್ಣಮುಂದೆ ಇಟ್ಟುಕೊಂಡರೆ ರೆಸಿಸ್ಟರ್ ಆಯ್ಕೆಯ ಗೊಂದಲ ಬಗೆಹರಿಯುತ್ತದೆ. 12ರಿಂದ 5ರ ಲೆಕ್ಕಕ್ಕೇ ವಾಪಸ್ ಬರೋಣ. ಲೋಡ್ 0.1 ಮಿಲಿ ಆಂಪಿಯರ್ ಎಳೆಯುತ್ತದೆ ಎನ್ನಿ. 4.7 ಕಿಲೋ, 3.3 ಕಿಲೋ ಹಾಕಿದರೆ ಒಳರೋಧ ಸುಮಾರು 1.94 ಕಿಲೋ ಓಮ್. 0.1 ಮಿಲಿ ಆಂಪಿಯರ್‌ಗೆ 0.19 ವೋಲ್ಟ್ ಇಳಿದು ಔಟ್‌ಪುಟ್ 4.76ಕ್ಕೆ ಬರುತ್ತದೆ. ನಡೆಯುತ್ತದೆ. ಇದನ್ನೇ 47 ಕಿಲೋ, 33 ಕಿಲೋ ಮಾಡಿದರೆ ಇಳಿತ ಹತ್ತು ಪಟ್ಟಾಗಿ 1.94 ವೋಲ್ಟ್; ಉಳಿಯುವುದು 3.01. ಇನ್ನು 470 ಮತ್ತು 330 ಓಮ್ ಹಾಕಿದರೆ ಔಟ್‌ಪುಟ್ ಬಂಡೆಯಂತೆ 4.93ರಲ್ಲಿ ನಿಲ್ಲುತ್ತದೆ, ಆದರೆ ಡಿವೈಡರ್ ಒಂದೇ ಸದಾಕಾಲ 15 ಮಿಲಿ ಆಂಪಿಯರ್ ಕುಡಿಯುತ್ತಿರುತ್ತದೆ. ಎರಡರ ನಡುವೆ ಒಂದು ಅಂದಾಜು ಇದೆ: ಲೋಡ್ ಎಳೆಯುವುದರ ಕನಿಷ್ಠ ಹತ್ತು ಪಟ್ಟು ಕರೆಂಟ್ ಡಿವೈಡರ್‌ನಲ್ಲಿ ಹರಿಯುವಂತೆ ನೋಡಿಕೊಳ್ಳಿ. ಅದು ನಿಯಮವಲ್ಲ, ಶುರುಮಾಡಲು ಒಂದು ಜಾಗ.

ಚಿಕ್ಕ ಓಮ್ ಬಳಸುವಾಗ ಬಿಸಿಯನ್ನೂ ಲೆಕ್ಕ ಹಾಕಿ. 12 ವೋಲ್ಟ್‌ಗೆ ಎರಡು 100 ಓಮ್ ಹಾಕಿದರೆ ಪ್ರತಿಯೊಂದರ ಮೇಲೆ 6 ವೋಲ್ಟ್, 60 ಮಿಲಿ ಆಂಪಿಯರ್, ಗುಣಿಸಿದರೆ 0.36 ವ್ಯಾಟ್. ಕಾಲು ವ್ಯಾಟಿನ ಸಾಮಾನ್ಯ ರೆಸಿಸ್ಟರ್ ಬೆರಳು ಸುಡುವಷ್ಟು ಕಾಯುತ್ತದೆ, ಹಾಗೇ ಬಿಟ್ಟರೆ ಕ್ರಮೇಣ ಕೆಡಬಹುದು.

ಮೀಟರ್ ಕೂಡ ಒಂದು ಲೋಡ್

ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಎರಡು 1 ಮೆಗಾ ಓಮ್ ರೆಸಿಸ್ಟರ್‌ಗಳನ್ನು 10 ವೋಲ್ಟ್‌ಗೆ ಸರಣಿಯಲ್ಲಿ ಜೋಡಿಸಿ ನಡುವೆ ಅಳೆಯಿರಿ. 5 ಬರಬೇಕು, ಬರುವುದು 4.76ರ ಆಸುಪಾಸು. ಮೇಲಿನ ರೆಸಿಸ್ಟರಿನ ಎರಡು ಕಾಲುಗಳಿಗೆ ಮುಟ್ಟಿಸಿ ಅಳೆದರೆ ಅಲ್ಲೂ 4.76. ಕೂಡಿಸಿದರೆ 9.52! ಹಾಗಾದರೆ ಕಿರ್ಚಾಫ್ ನಿಯಮ ಸುಳ್ಳೇ? ಇಲ್ಲ. ನೀವು ಎರಡು ಬೇರೆ ಬೇರೆ ಸರ್ಕ್ಯೂಟ್‌ಗಳನ್ನು ಅಳೆದಿರಿ. ಪ್ರೋಬ್ ಇಟ್ಟ ಕಡೆಯೆಲ್ಲ ಮೀಟರಿನ 10 ಮೆಗಾ ಓಮ್ ಸಮಾಂತರವಾಗಿ ಸೇರಿಕೊಂಡು ಆ ರೆಸಿಸ್ಟರನ್ನು 0.909 ಮೆಗಾ ಓಮ್ ಮಾಡಿಬಿಟ್ಟಿತು. ಮುಳ್ಳಿನ ಹಳೆಯ ಮೀಟರ್ ಆದರಂತೂ ಕೇಳುವುದೇ ಬೇಡ: ವೋಲ್ಟಿಗೆ 20 ಕಿಲೋ ಓಮ್ ಎಂದು ಬರೆದಿರುವ ಮೀಟರ್ 10 ವೋಲ್ಟ್ ರೇಂಜಿನಲ್ಲಿ 200 ಕಿಲೋ ಓಮ್ ಮಾತ್ರ, ಅದು ಇದೇ ಬಿಂದುವಿನಲ್ಲಿ 1.43 ತೋರಿಸುತ್ತದೆ.

ಇದರಿಂದ ಒಂದು ಉಪಯೋಗವೂ ಇದೆ. ಎರಡು ಪಾಲುಗಳನ್ನು ಅಳೆದು ಕೂಡಿಸಿದಾಗ ಸಪ್ಲೈಗಿಂತ ಗಣನೀಯವಾಗಿ ಕಡಿಮೆ ಬಂದರೆ, ನಿಮ್ಮ ಮೀಟರ್ ಸರ್ಕ್ಯೂಟನ್ನು ಎಳೆಯುತ್ತಿದೆ ಎಂದು ತಿಳಿಯಿರಿ. ರೆಸಿಸ್ಟರ್ ಬದಲಿಸಲು ಹೊರಡಬೇಡಿ.

5 ವೋಲ್ಟಿನ ಸಿಗ್ನಲ್ 3.3 ವೋಲ್ಟಿನ ಪಿನ್‌ಗೆ

ಎಚ್‌ಸಿ-ಎಸ್‌ಆರ್04 ದೂರಮಾಪಕದ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ. ಇಎಸ್‌ಪಿ32 ಮೈಕ್ರೋಕಂಟ್ರೋಲರ್‌ನ ಪಿನ್‌ಗಳು 3.3 ವೋಲ್ಟಿನವು. ಇಲ್ಲಿ ಮೂರು 1 ಕಿಲೋ ರೆಸಿಸ್ಟರ್ ಸಾಕು: ಒಂದು ಮೇಲೆ, ಎರಡು ಸರಣಿಯಲ್ಲಿ ಕೆಳಗೆ. 5 × 2 ÷ 3 = 3.33. ಪಿನ್ ಇನ್‌ಪುಟ್ ಆಗಿರುವಾಗ ಎಳೆಯುವ ಕರೆಂಟ್ ನಗಣ್ಯ, ಆದ್ದರಿಂದ ಔಟ್‌ಪುಟ್ ಜಾರುವುದಿಲ್ಲ.

ಹಾಗಾದರೆ ಕರೆಂಟ್ ಉಳಿಸಲು 100 ಕಿಲೋ, 200 ಕಿಲೋ ಹಾಕಬಹುದಲ್ಲ? ಸ್ಥಿರ ವೋಲ್ಟೇಜ್ ಆದರೆ ಹಾಕಬಹುದು. ವೇಗವಾಗಿ ಬದಲಾಗುವ ಸಿಗ್ನಲ್ ಆದರೆ ಪಿನ್ ಮತ್ತು ವೈರ್‌ಗಳಲ್ಲಿ ಅಡಗಿರುವ ಅಲ್ಪಸ್ವಲ್ಪ ಕೆಪಾಸಿಟನ್ಸ್ (ಚಾರ್ಜ್ ಹಿಡಿದಿಟ್ಟುಕೊಳ್ಳುವ ಗುಣ) ಅಡ್ಡ ಬರುತ್ತದೆ. ಅದು 20 ಪೈಕೋ ಫ್ಯಾರಡ್ ಎಂದಿಟ್ಟುಕೊಂಡರೂ, 67 ಕಿಲೋ ಒಳರೋಧದ ಜೊತೆ ಕಾಲ ಸ್ಥಿರಾಂಕ (ಎರಡರ ಗುಣಲಬ್ಧ, ಸಿಗ್ನಲ್ ಎಷ್ಟು ನಿಧಾನವಾಗಿ ಏರುತ್ತದೆ ಎಂಬುದರ ಅಳತೆ) ಸುಮಾರು 1.3 ಮೈಕ್ರೋ ಸೆಕೆಂಡ್. ಸೀರಿಯಲ್ ಸಂವಹನ ಸೆಕೆಂಡಿಗೆ 9600 ಬಿಟ್ ವೇಗದಲ್ಲಿದ್ದರೆ ಒಂದು ಬಿಟ್‌ಗೆ 104 ಮೈಕ್ರೋ ಸೆಕೆಂಡ್ ಸಮಯ ಇರುತ್ತದೆ, ತೊಂದರೆ ಇಲ್ಲ. ಸೆಕೆಂಡಿಗೆ ಹತ್ತು ಲಕ್ಷ ಬಿಟ್ ಆದರೆ ಒಂದು ಬಿಟ್‌ಗೆ ಸಿಗುವುದೇ 1 ಮೈಕ್ರೋ ಸೆಕೆಂಡ್. ಸಿಗ್ನಲ್ ಮೇಲೇರುವಷ್ಟರಲ್ಲಿ ಬಿಟ್ ಮುಗಿದಿರುತ್ತದೆ. 1 ಕಿಲೋ, 2 ಕಿಲೋ ಜೋಡಿಯ ಒಳರೋಧ 667 ಓಮ್, ಕಾಲ ಸ್ಥಿರಾಂಕ 13 ನ್ಯಾನೋ ಸೆಕೆಂಡ್. ಇನ್ನೊಂದು ಮಾತು, ಡಿವೈಡರ್ ಒಂದೇ ದಿಕ್ಕಿನ ದಾರಿ. ಎರಡೂ ಕಡೆಯಿಂದ ಮಾತಾಡುವ ಐ2ಸಿ ಯಂಥ ತಂತಿಗಳಿಗೆ ಇದು ಸಲ್ಲದು, ಅಲ್ಲಿಗೆ ಎರಡೂ ದಿಕ್ಕಿಗೆ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಬೇಕು.

ಬ್ಯಾಟರಿಯ ವೋಲ್ಟೇಜ್ ಓದುವುದು

12 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿಯನ್ನು ಆರ್ಡುಯಿನೊ ಉನೊ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನಿಂದ ಓದಬೇಕು ಎನ್ನಿ. ಚಾರ್ಜ್ ಆಗುವಾಗ ಇದು 14.4 ದಾಟಿ ಹೋಗಬಹುದು, ಹಾಗಾಗಿ ಲೆಕ್ಕವನ್ನು 12ಕ್ಕೆ ಹಾಕದೆ ಗರಿಷ್ಠಕ್ಕೆ, ಇನ್ನೂ ಸ್ವಲ್ಪ ಜಾಗ ಬಿಟ್ಟು ಹಾಕಬೇಕು. ಮೇಲೆ 33 ಕಿಲೋ, ಕೆಳಗೆ 10 ಕಿಲೋ. 14.8 ಬಂದರೂ ಪಿನ್‌ಗೆ ಹೋಗುವುದು 3.44, 5 ವೋಲ್ಟ್ ಮುಟ್ಟಬೇಕಾದರೆ ಬ್ಯಾಟರಿ 21.5 ಆಗಬೇಕು. ಒಳರೋಧ 7.7 ಕಿಲೋ. ಉನೊದಲ್ಲಿರುವ ಎಟಿಮೆಗಾ328ಪಿ ಚಿಪ್‌ನ ಡೇಟಾಶೀಟ್ ಎ.ಡಿ.ಸಿ.ಗೆ (ವೋಲ್ಟೇಜನ್ನು ಸಂಖ್ಯೆಯಾಗಿ ಓದುವ ಭಾಗ) 10 ಕಿಲೋ ಅಥವಾ ಅದಕ್ಕಿಂತ ಕಡಿಮೆ ಒಳರೋಧದ ಮೂಲ ಇರಲಿ ಎನ್ನುತ್ತದೆ, ಅದರೊಳಗೇ ಇದ್ದೇವೆ.

ಪೂರ್ತಿ ಚಾರ್ಜ್ ಆಗಿ ವಿರಮಿಸಿದ ಬ್ಯಾಟರಿ 12.6 ಇದ್ದರೆ ಪಿನ್‌ನಲ್ಲಿ 2.93 ವೋಲ್ಟ್. 10 ಬಿಟ್‌ನ ಎ.ಡಿ.ಸಿ. 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಒಡೆಯುವುದರಿಂದ ಓದು ಸುಮಾರು 600 ಬರಬೇಕು. ಪ್ರೋಗ್ರಾಮಿನಲ್ಲಿ ಆ ಓದನ್ನು ವೋಲ್ಟಿಗೆ ತಿರುಗಿಸಿ, ಮತ್ತೆ 4.3ರಿಂದ (43 ÷ 10) ಗುಣಿಸಿ ಬ್ಯಾಟರಿಯ ವೋಲ್ಟೇಜ್ ಪಡೆಯುತ್ತೀರಿ. ಆದರೆ ಇಲ್ಲಿ 5 ಎನ್ನುವುದು ನಿಜಕ್ಕೂ 5 ಆಗಿರಬೇಕಲ್ಲ, ಯು.ಎಸ್.ಬಿ.ಯಿಂದ ಓಡುವ ಬೋರ್ಡಿನಲ್ಲಿ ಅದು 4.8 ಇರುವುದೂ ಉಂಟು. ಆಗ ಓದು 625ಕ್ಕೆ ಹೋಗಿ ಬ್ಯಾಟರಿ 13.1 ಇದ್ದಂತೆ ಕಾಣುತ್ತದೆ. ಬೋರ್ಡಿನ 5 ವೋಲ್ಟ್ ಪಿನ್ನನ್ನೇ ಮೀಟರಿನಲ್ಲಿ ಅಳೆದು ಆ ಸಂಖ್ಯೆಯನ್ನು ಪ್ರೋಗ್ರಾಮಿನಲ್ಲಿ ಬರೆಯಿರಿ.

ಈ ಡಿವೈಡರ್ ಹಗಲು ರಾತ್ರಿ 0.29 ಮಿಲಿ ಆಂಪಿಯರ್ ತಿನ್ನುತ್ತಿರುತ್ತದೆ, ದಿನಕ್ಕೆ 7 ಮಿಲಿ ಆಂಪಿಯರ್-ಅವರ್. ದೊಡ್ಡ ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ತಿಂಗಳುಗಟ್ಟಲೆ ಓಡಬೇಕಾದ ಚಿಕ್ಕ ಸೆಲ್ ಆದರೆ ಇದೇ ಅದನ್ನು ಬರಿದು ಮಾಡುತ್ತದೆ. ಅಂಥಲ್ಲಿ 330 ಕಿಲೋ, 100 ಕಿಲೋ ಹಾಕಿ, ಔಟ್‌ಪುಟ್‌ನಿಂದ ಗ್ರೌಂಡ್‌ಗೆ 0.1 ಮೈಕ್ರೋ ಫ್ಯಾರಡ್ ಕೆಪಾಸಿಟರ್ ಕೊಡಿ. ಎ.ಡಿ.ಸಿ. ಓದುವ ಕ್ಷಣದಲ್ಲಿ ಬೇಕಾದ ಚಾರ್ಜನ್ನು ಆ ಕೆಪಾಸಿಟರ್ ಪೂರೈಸುತ್ತದೆ. ಬ್ಯಾಟರಿ ವೋಲ್ಟೇಜ್ ನಿಧಾನವಾಗಿ ಬದಲಾಗುವಂಥದ್ದಾದ್ದರಿಂದ 8 ಮಿಲಿ ಸೆಕೆಂಡಿನ ತಡ ಇಲ್ಲಿ ಯಾರಿಗೂ ತೊಂದರೆಯಲ್ಲ.

ಒಂದು ರೆಸಿಸ್ಟರ್ ತಾನೇ ಬದಲಾದರೆ

ಬಿಸಿಗೆ ಬದಲಾಗುವ ಥರ್ಮಿಸ್ಟರ್, ಬೆಳಕಿಗೆ ಬದಲಾಗುವ ಎಲ್‌ಡಿಆರ್ ಇವೆಲ್ಲ ಡಿವೈಡರ್‌ನ ಒಂದು ಕೈ ಅಷ್ಟೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ಕಿಲೋ ಇರುವ ಎನ್‌ಟಿಸಿ (ಬಿಸಿಯಾದಂತೆ ರೋಧ ಇಳಿಯುವ) ಥರ್ಮಿಸ್ಟರ್‌ನ ಬೀಟಾ ಬೆಲೆ, ಅಂದರೆ ಆ ಇಳಿತದ ತೀವ್ರತೆ ಹೇಳುವ ಸಂಖ್ಯೆ, 3950 ಆದರೆ, 50 ಡಿಗ್ರಿಯಲ್ಲಿ ಅದು ಸುಮಾರು 3.6 ಕಿಲೋಗೆ ಇಳಿಯುತ್ತದೆ. ಮೇಲೆ ಸ್ಥಿರ 10 ಕಿಲೋ, ಕೆಳಗೆ ಥರ್ಮಿಸ್ಟರ್, 5 ವೋಲ್ಟ್ ಸಪ್ಲೈ: 25 ಡಿಗ್ರಿಯಲ್ಲಿ 2.5 ವೋಲ್ಟ್, 50ರಲ್ಲಿ 1.32. ಎರಡನ್ನೂ ಅದಲುಬದಲು ಮಾಡಿದರೆ 50ರಲ್ಲಿ 3.68. ಬಿಸಿ ಏರಿದಂತೆ ವೋಲ್ಟೇಜ್ ಏರಬೇಕೋ ಇಳಿಯಬೇಕೋ ಎಂಬುದು ನಿಮ್ಮ ಅನುಕೂಲ. ಸ್ಥಿರ ರೆಸಿಸ್ಟರಿನ ಬೆಲೆಯನ್ನು, ನೀವು ಹೆಚ್ಚು ನಿಖರವಾಗಿ ಓದಬೇಕೆಂದಿರುವ ಉಷ್ಣತೆಯಲ್ಲಿ ಥರ್ಮಿಸ್ಟರ್ ಎಷ್ಟಿರುತ್ತದೋ ಅಷ್ಟಕ್ಕೆ ಹತ್ತಿರ ಇಡಿ. ಔಟ್‌ಪುಟ್ ಅತಿ ಹೆಚ್ಚು ಕದಲುವುದು ಎರಡು ಕೈಗಳು ಸಮವಾಗಿರುವ ಆಸುಪಾಸಿನಲ್ಲೇ. ಡಿವೈಡರ್‌ಗೂ ಎ.ಡಿ.ಸಿ.ಯ ರೆಫರೆನ್ಸ್‌ಗೂ (ಅದು ಮೆಟ್ಟಿಲುಗಳಾಗಿ ಒಡೆಯುವ ವೋಲ್ಟೇಜ್) ಒಂದೇ ಸಪ್ಲೈ ಕೊಟ್ಟರೆ, ಸಪ್ಲೈ 5 ಇದ್ದರೂ 4.8 ಇದ್ದರೂ ಓದು ಬದಲಾಗದು, ಎರಡೂ ಒಟ್ಟಿಗೆ ಏರಿಳಿಯುತ್ತವೆ. ಬ್ಯಾಟರಿ ಓದುವಾಗ ಕಾಡಿದ ತೊಂದರೆ ಇಲ್ಲಿ ತಾನಾಗಿ ಕಳೆಯುತ್ತದೆ.

ಪೊಟೆನ್ಷಿಯೋಮೀಟರ್ ಕೂಡ ಇದೇ ಕುಟುಂಬ: ಗುಂಡಿ ತಿರುಗಿಸಿದಂತೆ ಆರ್1 ಹೆಚ್ಚಿ ಆರ್2 ಕಡಿಮೆಯಾಗುತ್ತದೆ, ಮೊತ್ತ ಹಾಗೇ ಇರುತ್ತದೆ. ಅದರ ಒಳರೋಧ ಅತಿ ಹೆಚ್ಚಿರುವುದು ಸರಿಯಾಗಿ ನಡುವೆ, ಆಗ ಅದು ಒಟ್ಟು ಬೆಲೆಯ ಕಾಲು ಭಾಗ. 10 ಕಿಲೋದ ಪಾಟ್‌ಗೆ 2.5 ಕಿಲೋ.

ಡಿವೈಡರ್ ಎಲ್ಲಿ ಬೇಡ

ಮೋಟಾರ್, ರಿಲೇ, ಎಲ್‌ಇಡಿ ಪಟ್ಟಿ, ಮೊಬೈಲ್ ಚಾರ್ಜಿಂಗ್, ಇಡೀ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಸಪ್ಲೈ: ಇವು ಯಾವುದಕ್ಕೂ ಬೇಡ. ಕರೆಂಟ್ ಎಳೆಯುವ, ಅದರಲ್ಲೂ ಕ್ಷಣಕ್ಕೊಂದು ರೀತಿ ಎಳೆಯುವ ವಸ್ತುವಿಗೆ ಸ್ಥಿರ ವೋಲ್ಟೇಜ್ ಬೇಕಾದರೆ 7805 ಅಥವಾ ಎಲ್‌ಎಂ317 ತರಹದ ರೆಗ್ಯುಲೇಟರ್, ಇಲ್ಲವೇ ಬಕ್ ಕನ್ವರ್ಟರ್ ಹಾಕಿ. ತಮಾಷೆಯೆಂದರೆ ಎಲ್‌ಎಂ317ರ ಔಟ್‌ಪುಟ್ ನಿಗದಿ ಮಾಡುವುದೂ ಎರಡು ರೆಸಿಸ್ಟರ್‌ಗಳ ಡಿವೈಡರ್. ಅಲ್ಲಿ ಡಿವೈಡರ್ ಲೋಡನ್ನು ಹೊರುವುದಿಲ್ಲ, ಎಷ್ಟು ಕೊಡಬೇಕೆಂದು ಚಿಪ್‌ಗೆ ತಿಳಿಸುತ್ತದೆ, ಹೊರುವುದು ಚಿಪ್. ಡಿವೈಡರ್‌ಗೆ ಒಪ್ಪುವ ಕೆಲಸ ಅದು.

ಒಂಟಿ ಎಲ್‌ಇಡಿಗೆ ಸರಣಿಯಲ್ಲಿ ಒಂದು ರೆಸಿಸ್ಟರ್ ಸಾಕು, ಡಿವೈಡರ್ ಅಲ್ಲ. 5 ವೋಲ್ಟಿನಲ್ಲಿ ಕೆಂಪು ಎಲ್‌ಇಡಿ 2 ವೋಲ್ಟ್ ಇಟ್ಟುಕೊಂಡರೆ ಉಳಿದ 3 ವೋಲ್ಟ್ ರೆಸಿಸ್ಟರಿನ ಮೇಲೆ. 330 ಓಮ್‌ಗೆ 9 ಮಿಲಿ ಆಂಪಿಯರ್. ಇನ್ನು ಗೋಡೆಯ ಸಾಕೆಟ್‌ನಲ್ಲಿ ಬರುವ ಮುಖ್ಯ ವಿದ್ಯುತ್ತನ್ನು ರೆಸಿಸ್ಟರ್‌ಗಳಿಂದ ಇಳಿಸುವ ಯೋಚನೆ ತಲೆಗೇ ಬರಬಾರದು. ಮೀಟರಿನಲ್ಲಿ 5 ವೋಲ್ಟ್ ಕಂಡರೂ ಆ ತಂತಿ ಮುಖ್ಯ ಲೈನಿಗೆ ನೇರವಾಗಿ ಅಂಟಿಕೊಂಡೇ ಇರುತ್ತದೆ, ಮುಟ್ಟಿದರೆ ಜೀವಕ್ಕೇ ಅಪಾಯ.

ಅಳತೆ ತಪ್ಪಿದಾಗ ಹುಡುಕುವುದು ಹೇಗೆ

ಓದು ತಪ್ಪು ಬಂದ ಕೂಡಲೇ ಬೋರ್ಡನ್ನೋ ಸೆನ್ಸರನ್ನೋ ಬದಲಿಸುವವರಿದ್ದಾರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಡಿವೈಡರ್‌ನಲ್ಲಿರುವುದೇ ಎರಡು ರೆಸಿಸ್ಟರ್, ಮೂರು ಬಿಂದು. ಸಪ್ಲೈ ಹಾಕಿಯೇ ಇಟ್ಟು ಕಪ್ಪು ಪ್ರೋಬನ್ನು ಗ್ರೌಂಡ್‌ನಲ್ಲಿ ಊರಿ, ಮೂರನ್ನೂ ಅಳೆಯಿರಿ. ಬಂದ ಸಂಖ್ಯೆಯೇ ತಪ್ಪಿನ ಜಾಗವನ್ನು ಹೇಳುತ್ತದೆ.

ಔಟ್‌ಪುಟ್‌ನಲ್ಲಿ ಪೂರ್ತಿ ಸಪ್ಲೈ ಬರುತ್ತಿದ್ದರೆ ಆರ್2 ಗ್ರೌಂಡ್‌ಗೆ ತಲುಪಿಲ್ಲ. ಈ ಲೇಖನದ ಮೊದಲ ಪ್ರಯೋಗದಂತೆಯೇ ಕರೆಂಟ್ ಹರಿಯದೆ, ಇಳಿಯಬೇಕಾದದ್ದು ಇಳಿಯುತ್ತಿಲ್ಲ. ಕೆಲವು ಉದ್ದನೆಯ ಬ್ರೆಡ್‌ಬೋರ್ಡ್‌ಗಳ (ಬೆಸುಗೆಯಿಲ್ಲದೆ ರಂಧ್ರಗಳಿಗೆ ಚುಚ್ಚಿ ಜೋಡಿಸುವ ಹಲಗೆ) ಅಂಚಿನ ಸಪ್ಲೈ ಸಾಲು ಅರ್ಧದಲ್ಲಿ ತುಂಡಾಗಿರುತ್ತದೆ. ನೀವು ಗ್ರೌಂಡ್ ಎಂದುಕೊಂಡ ರಂಧ್ರ ಯಾವುದಕ್ಕೂ ಸೇರಿರುವುದಿಲ್ಲ. ಆರ್1 ಶಾರ್ಟ್ ಆಗಿದ್ದರೂ ಹೀಗೆಯೇ ಆಗುತ್ತದೆ: ಅದರ ಎರಡೂ ಕಾಲು ಬ್ರೆಡ್‌ಬೋರ್ಡಿನ ಒಂದೇ ಸಾಲಿಗೆ ಬಿದ್ದಿವೆಯೇ ನೋಡಿ. ಔಟ್‌ಪುಟ್ ಸೊನ್ನೆಯಾದರೆ ಇದೇ ಎರಡು ತಪ್ಪುಗಳನ್ನು ತಿರುಗಿಸಿ ಓದಿ, ಆರ್1 ಬಿಟ್ಟುಹೋಗಿದೆ ಅಥವಾ ಆರ್2 ಶಾರ್ಟ್.

ಲೆಕ್ಕಕ್ಕಿಂತ ಕಡಿಮೆ, ಆದರೆ ಸೊನ್ನೆಯಲ್ಲ ಎಂದರೆ ಲೋಡನ್ನು ಬಿಚ್ಚಿ ಮತ್ತೆ ಅಳೆಯಿರಿ. ಸರಿಯಾಯಿತೇ? ಹಾಗಾದರೆ ತಪ್ಪು ಡಿವೈಡರ್‌ನಲ್ಲಿಲ್ಲ, ಅದರ ಒಳರೋಧ ಈ ಲೋಡ್‌ಗೆ ಹೆಚ್ಚಾಯಿತು. ಬಿಚ್ಚಿದರೂ ಹಾಗೇ ಇದ್ದರೆ ಬಣ್ಣದ ಪಟ್ಟಿಗಳನ್ನು ನೋಡಿ: ಕಂದು-ಕಪ್ಪು-ಕೆಂಪು 1 ಕಿಲೋ, ಕಂದು-ಕಪ್ಪು-ಕಿತ್ತಳೆ 10 ಕಿಲೋ. ಹಳದಿ ಬೆಳಕಿನಲ್ಲಿ ಕೆಂಪಿಗೂ ಕಿತ್ತಳೆಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಬೋರ್ಡಿನ ಪರದೆಯಲ್ಲಿ ಓದು ಕುಣಿಯುತ್ತಿದ್ದು ಮೀಟರಿನಲ್ಲಿ ಮಾತ್ರ ಸ್ಥಿರವಾಗಿದ್ದರೆ ಔಟ್‌ಪುಟ್‌ನಿಂದ ಪಿನ್‌ಗೆ ಹೋಗುವ ವೈರ್ ಕಿತ್ತಿದೆ, ಅಥವಾ ಎರಡು ಸಪ್ಲೈಗಳ ಗ್ರೌಂಡ್‌ಗಳನ್ನು ನೀವು ಒಂದುಗೂಡಿಸಿಲ್ಲ.

ರೆಸಿಸ್ಟರನ್ನು ಓಮ್ ರೇಂಜಿನಲ್ಲಿ ಅಳೆಯಬೇಕಾದರೆ ಸಪ್ಲೈ ಬಿಚ್ಚಿ, ಒಂದು ಕಾಲನ್ನು ಹೊರತೆಗೆದೇ ಅಳೆಯಿರಿ. ಸರ್ಕ್ಯೂಟ್‌ನಲ್ಲಿ ಇದ್ದಂತೆಯೇ ಅಳೆದರೆ ಅದರ ಪಕ್ಕದ ದಾರಿಗಳೂ ಸೇರಿ ಕಡಿಮೆ ಬೆಲೆ ತೋರಿಸುತ್ತದೆ, ಒಳ್ಳೆಯ ರೆಸಿಸ್ಟರನ್ನು ಕೆಟ್ಟದ್ದೆಂದು ಎಸೆಯುತ್ತೀರಿ. ಎರಡು ರೆಸಿಸ್ಟರ್‌ಗಳೂ ಸರಿಯಾಗಿದ್ದು 4.95 ಬರಬೇಕಾದ ಕಡೆ 7.05 ಬರುತ್ತಿದ್ದರೆ ಆ ಎರಡು ಸಂಖ್ಯೆಗಳನ್ನೂ ಕೂಡಿಸಿ ನೋಡಿ, 12 ಆಗುತ್ತದೆ. ಮೇಲಿನದು ಕೆಳಗೆ, ಕೆಳಗಿನದು ಮೇಲೆ ಹೋಗಿದೆ. ಜಾಗ ಅದಲುಬದಲು ಮಾಡಿದರೆ ಮುಗಿಯಿತು.